ನಡುಮಟ್ಟಕ್ಕೆ ತಂದು ಗುಂಡಿ ಒತ್ತಿರಿ ಅಂದಿದ್ದೆ

ಹುನಗುಂದದಿಂದ ಹೊಳೆಯ ಕಡೆ ಹೋಗುವ ದಾರಿಯಲ್ಲಿ ನಾನು ಕೆಲಸ ಮಾಡುವ ಪಂಪ್‌ಹೌಸ್ ಇದೆ. ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರು ಅಲ್ಲಿಂದಲೇ ಹೋಗುತ್ತದೆ. ಅದರ ದುರಸ್ತಿಯ ಗುತ್ತಿಗೆ ಹಿಡಿದ ಕಂಪನಿಯಲ್ಲಿ ನಾನು ಮೆಕ್ಯಾನಿಕ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೆಣ್ಣುಮಗಳು ಸ್ಪ್ಯಾನರ್ ಹಿಡಿದದ್ದನ್ನು ನೋಡಲು ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಈಗ ಯಾರೂ ನಿಲ್ಲುವುದಿಲ್ಲ. ನೀರು ಬಾರದಿದ್ದರೆ ಮಾತ್ರ ನೇರವಾಗಿ ನಮ್ಮ ಮನೆಗೇ ಬಂದು ಅವ್ವನನ್ನು ಕೇಳುತ್ತಾರೆ.

ಕಳೆದ ಬೇಸಿಗೆಯಲ್ಲಿ ದೊಡ್ಡ ಪಂಪಿನ ವಾಲ್ವ್ ಕೈಕೊಟ್ಟಿತು. ಆ ವಾಲ್ವಿನ ತಲೆಯ ಮೇಲೆ ಕರೆಂಟಿನಿಂದ ಓಡುವ ಒಂದು ಭಾರವಾದ ಪೆಟ್ಟಿಗೆ ಕೂತಿದೆ. ಗುಂಡಿ ಒತ್ತಿದರೆ ಅದರೊಳಗಿನ ಮೋಟಾರು ಒಂದು ದಪ್ಪ ಗನ್‌ಮೆಟಲ್ ಕಂಚಿನ ನಟ್ಟನ್ನು ತಿರುಗಿಸುತ್ತದೆ. ನಟ್ಟು ತಿರುಗಿದಂತೆ ಅದರ ನಡುವಿನ ಉಕ್ಕಿನ ಸರಳು ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ. ಅವತ್ತು ಮೋಟಾರು ಓಡುತ್ತಿತ್ತು, ಸರಳು ಮಾತ್ರ ಅಲುಗಲಿಲ್ಲ.

ಪಂಪ್‌ಹೌಸಿನ ಆಪರೇಟರ್ ನನ್ನ ಅಪ್ಪನ ವಯಸ್ಸಿನವರು. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಇಬ್ಬರೂ ಸೇರಿ ಚೈನ್‌ಪುಲ್ಲಿ ಕಟ್ಟಿ ಪೆಟ್ಟಿಗೆಯನ್ನು ಇಳಿಸಿದೆವು. ಮುಚ್ಚಳ ತೆಗೆದರೆ ಗ್ರೀಸು ಒಣಗಿ ಜೇಡಿಮಣ್ಣಿನಂತಾಗಿತ್ತು. ಆಯಿಲ್ ಸೀಲು ಹರಿದಿತ್ತು. ನಟ್ಟಿನ ಥ್ರೆಡ್ಡು, ಎಂದರೆ ಒಳಗಿನ ತಿರುಪಿನ ಹಲ್ಲು, ಸವೆದೂ ಸವೆದೂ ಬ್ಲೇಡಿನ ಅಂಚಿನಷ್ಟು ತೆಳ್ಳಗಾಗಿತ್ತು.

"ನಾ ಹೋದ ವರ್ಷನ ಹೇಳಿದ್ದೆ ತಂಗಿ, ಇದು ಕರಕರ ಅಂತೈತಿ ಅಂತ," ಅಂದರು ಕಾಕಾ. "ಕೇಳಾವ್ರ ಯಾರು?"

ಬಾಗಲಕೋಟೆಯ ಆಫೀಸಿನಿಂದ ಹೊಸ ನಟ್ಟು ಬರಲು ತಿಂಗಳು ಹಿಡಿಯುತ್ತದೆ ಎಂದರು. ಗೋಗರೆದ ಮೇಲೆ ಎಲ್ಲಿಂದಲೋ ಒಂದು ಬಂತು, ಆದರೆ ಅದರ ಥ್ರೆಡ್ಡು ಉಲ್ಟಾ. ನಮ್ಮ ಸರಳಿನದು ಎಡಗಡೆ ತಿರುವು, ಬಂದದ್ದು ಬಲಗಡೆಯದು. ಅಳತೆ ಬರೆದು, ಹಳೆಯ ನಟ್ಟಿನ ಫೋಟೊ ಕಳಿಸಿದರೂ ಹೀಗೆ. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಅಳು ಬಂದಿತ್ತು.

ಕಡೆಗೆ ಸವೆದ ನಟ್ಟನ್ನು ಚೀಲಕ್ಕೆ ಹಾಕಿಕೊಂಡು ಇಳಕಲ್ಲಿಗೆ ಹೋದೆ. ಕಲ್ಲು ಕೊಯ್ಯುವ ಕಾರ್ಖಾನೆಗಳ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವ ಲೇತ್ ಅಂಗಡಿಗಳು ಅಲ್ಲಿವೆ. ಅಂಥ ಒಂದು ಅಂಗಡಿಯವರು ಬೇರೆ ಕೆಲಸ ಬದಿಗಿಟ್ಟು ಒಪ್ಪಿಕೊಂಡರು. "ಕುಡಿಯೂ ನೀರಿನ ಕೆಲಸ ಅಂತೀರಿ, ಹ್ಯಾಂಗ ಒಲ್ಲೆ ಅನ್ನೂದ್ರಿ ಅಕ್ಕಾರ?" ಎಂದರು. ನಟ್ಟು ಕೈಗೆ ಬಂದಾಗ ಬಿಸಿಲಿಗೆ ಹಿಡಿದು ನೋಡಿದೆ. ಚೊಕ್ಕ ಕೆಲಸ. ಸರಳಿಗೆ ಹಾಕಿದರೆ ಬೆಣ್ಣೆಯ ಹಾಗೆ ಇಳಿಯಿತು.

ನಾನು ಇಳಕಲ್ಲಿಗೆ ಓಡಾಡುತ್ತಿದ್ದಾಗ ಆಫೀಸಿನಿಂದ ಯಾರೋ ಎಲೆಕ್ಟ್ರಿಷಿಯನ್ ಬಂದು ಮೋಟಾರಿನ ಕೊಳೆತ ವೈರು ಬದಲಿಸಿ ಹೋಗಿದ್ದರು. ಮೂರು ವೈರಿನಲ್ಲಿ ಎರಡು ಅದಲುಬದಲಾದರೂ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಆಗ 'ತೆರೆ' ಗುಂಡಿ ಒತ್ತಿದರೆ ವಾಲ್ವ್ ಮುಚ್ಚುವ ಕಡೆಗೇ ಹೋಗುತ್ತದೆ. ವಾಲ್ವ್ ಕೊನೆ ಮುಟ್ಟಿದಾಗ ಮೋಟಾರನ್ನು ತಡೆಯಬೇಕಾದ ಸ್ವಿಚ್ಚೂ ಆಗ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಮೊದಲು ಪೆಟ್ಟಿಗೆಯ ಪಕ್ಕದ ಚಕ್ರವನ್ನು ಕೈಯಿಂದ ತಿರುಗಿಸಿ ವಾಲ್ವನ್ನು ಅರ್ಧಕ್ಕೆ ತರಬೇಕು, ಆಮೇಲೆ ಗುಂಡಿ ಮುಟ್ಟಬೇಕು. ಉಲ್ಟಾ ಓಡಿದರೂ ನಿಲ್ಲಿಸಲು ಜಾಗವಿರುತ್ತದೆ.

ಜೋಡಿಸಿ ಮುಗಿಸುವಷ್ಟರಲ್ಲಿ ನಮ್ಮ ಸೂಪರ್‌ವೈಸರ್ ಬಾಗಲಕೋಟೆಯ ನವನಗರದಿಂದ ಕಾರಿನಲ್ಲಿ ಬಂದಿಳಿದರು. ಹಳ್ಳಿಹಳ್ಳಿಯಿಂದ ಫೋನು ಬಂದು ಬಂದು ಅವರ ಮುಖವೂ ಬಾಡಿತ್ತು.

"ಆತಲ್ಲ? ಚಾಲೂ ಮಾಡ್ರಿ."

"ಸರ, ವೈರು ಬದ್ಲಾಗ್ಯಾವ. ಕೈಲೆ ತಿರುವಿ ನಡುಮಟ್ಟಕ್ಕ ತಂದು ಆಮ್ಯಾಲೆ ಗುಂಡಿ ಒತ್ತೋಣ್ರಿ."

"ಅದನ್ನ ತಿರುವೂದ್ರಾಗ ಮಧ್ಯಾಹ್ನ ಆಕ್ಕೈತಿ. ಮಂದಿ ನನ್ನ ಜೀವಾ ತಿನ್ನಾಕತ್ತೈತಿ!"

ಇಷ್ಟು ಹೇಳಿ ತಾವೇ ಹೋಗಿ 'ತೆರೆ' ಗುಂಡಿ ಒತ್ತಿದರು. ಮೋಟಾರು ಗುಂಯ್ ಎಂದಿತು. ಮುಚ್ಚಿದ ವಾಲ್ವ್ ಇನ್ನೂ ಮುಚ್ಚಲು ಹೊರಟಿತು. ನಾನು "ಬಂದ್ ಮಾಡ್ರಿ!" ಎಂದು ಚೀರಿ ಓಡುವುದರೊಳಗೆ ಒಳಗೆ ಏನೋ ಕಟಕಟ ಹರಿದ ಸದ್ದಾಯಿತು. ಆಮೇಲೆ ಮೋಟಾರು ಹಗುರಾಗಿ, ಹಾಯಾಗಿ ಓಡತೊಡಗಿತು. ಆ ಹಗುರ ಸದ್ದು ಕೇಳಿಯೇ ನನಗೆ ಗೊತ್ತಾಯಿತು. ಹೊಸ ನಟ್ಟಿನ ಥ್ರೆಡ್ಡು ಹರಿದುಹೋಗಿತ್ತು. ಇನ್ನು ಕೈಯಿಂದ ತಿರುಗಿಸಿದರೂ ಸರಳು ಏಳುವ ಹಾಗಿರಲಿಲ್ಲ.

ಸೂಪರ್‌ವೈಸರ್ ನನ್ನ ಮುಖ ನೋಡಲಿಲ್ಲ. ಹೊರಗೆ ಹೋಗಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು: "ಇಳಕಲ್ಲಾಗ ಮಾಡಿಸಿದ ನಟ್ಟು ಕಳಪೆ ಇತ್ತರಿ, ತಡೀಲಿಲ್ಲ."

ನನ್ನ ಕೈಯಲ್ಲಿ ಪೈಪ್ ರೆಂಚು ಇತ್ತು. ಕಾಕಾ ಅದನ್ನು ಮೆಲ್ಲಗೆ ಇಸಿದುಕೊಂಡು ಗೋಡೆಗೆ ಒರಗಿಸಿಟ್ಟರು.

ನೀರೆತ್ತಲು ಪಕ್ಕದ ಸಣ್ಣ ಪಂಪು ಒಂದೇ ಉಳಿಯಿತು. ಅದರಿಂದ ಒಂದು ಊರಿಗೆ ಬಂದರೆ ಇನ್ನೊಂದಕ್ಕಿಲ್ಲ. ಮನೆಯಲ್ಲಿ ಅವ್ವ ಖಾಲಿ ಕೊಡ ಬೋರಲು ಹಾಕಿ ಕೂತಿದ್ದಳು. "ಬಾಜೂ ಮನಿಯಾಕಿ, ನಿನ್ನ ಮಗಳು ಅಲ್ಲೇನ್ ಮಾಡ್ತಾಳ ಅಂತ ಕೇಳಿದ್ಲು. ನಾ ಏನ್ ಹೇಳ್ಲಿ?" ಎಂದಳು. ನಾನು ಅವಳ ಮೇಲೆ ರೇಗಿದೆ. ರೇಗಬೇಕಾದವರ ಮೇಲೆ ರೇಗಲು ಆಗಿರಲಿಲ್ಲವಲ್ಲ.

ಮತ್ತೆ ಇಳಕಲ್ಲಿಗೆ ಹೋದಾಗ ಕಳಪೆ ಎಂಬ ಮಾತು ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಲೇತಿನವರು ಯಂತ್ರ ನಿಲ್ಲಿಸಲಿಲ್ಲ. "ಕಳಪಿ ಮಾಡಾವನ ಹಂತೇಕ ಮತ್ತ್ಯಾಕ ಬಂದ್ರಿ?" ಎಂದರು. ಹರಿದ ನಟ್ಟನ್ನು ಅವರ ಮುಂದಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಯಾರು ಗುಂಡಿ ಒತ್ತಿದರು ಎಂಬುದನ್ನೂ ಹೇಳಿದೆ. ಅವರು ಯಂತ್ರ ನಿಲ್ಲಿಸಿ ನಟ್ಟನ್ನು ಕೈಗೆತ್ತಿಕೊಂಡರು. ಆಮೇಲೆ, "ಇನ್ನೊಂದು ಮಾಡತೇನಿ. ಆದ್ರ ಈ ಮಾತು ಅವರ ಮುಂದ ಹೇಳ್ರಿ, ನನ್ನ ಮುಂದಲ್ಲ," ಎಂದರು.

ಎರಡನೆಯ ಸಲ ಜೋಡಿಸುವಾಗ ಪ್ಯಾನೆಲ್ಲಿನ ಫ್ಯೂಸುಗಳನ್ನು ಕಿತ್ತು ನನ್ನ ಬುತ್ತಿಚೀಲದಲ್ಲಿ ಇಟ್ಟುಕೊಂಡೆ. ಸೂಪರ್‌ವೈಸರ್ ಬಂದು ಗುಂಡಿ ಒತ್ತಿ ನೋಡಿದರು. ಏನೂ ಆಗಲಿಲ್ಲ.

"ಫ್ಯೂಸ್ ಎಲ್ಲಿ?"

"ನನ್ನ ಹಂತೇಕ ಅದಾವ್ರಿ. ವಾಲ್ವ್ ಅರ್ಧಕ್ಕ ಬರೂತನಕಾ ಕೊಡೂದಿಲ್ಲ."

"ಭಾಳ ಆತು ನಿಮ್ಮದು," ಎಂದು ಗೊಣಗಿದರು. ನಾನೂ ಕಾಕಾನೂ ಸರದಿಯ ಮೇಲೆ ಚಕ್ರ ತಿರುಗಿಸಿದೆವು. ಅಂಗೈಯಲ್ಲಿ ಬೊಬ್ಬೆ ಬಂದವು. ವೈರುಗಳನ್ನು ನಾನೇ ಅದಲುಬದಲು ಮಾಡಿದ್ದೆ. ಫ್ಯೂಸು ಹಾಕಿ 'ತೆರೆ' ಗುಂಡಿಯನ್ನು ಮುಟ್ಟಿ ಬಿಟ್ಟೆ. ಸರಳು ಮೇಲಕ್ಕೆದ್ದಿತು. ಪೂರ್ತಿ ಮುಚ್ಚಿ, ಪೂರ್ತಿ ತೆರೆದು ನೋಡಿ, ಆಮೇಲೆ ಪಂಪು ಚಾಲೂ ಮಾಡಿದೆವು.

ನಾನು ಅಲ್ಲಿಯೇ ನಿಂತು ಇಳಕಲ್ಲಿಗೆ ಫೋನು ಹಚ್ಚಿದೆ. ಸ್ಪೀಕರ್ ಹಾಕಿ, ಸೂಪರ್‌ವೈಸರ್ ಕಡೆ ತಿರುಗಿ ಜೋರಾಗಿಯೇ ಹೇಳಿದೆ: "ಅಣ್ಣಾರ, ನಿಮ್ಮ ಮೊದಲನೇ ನಟ್ಟೂ ಚಲೋ ಇತ್ತು. ಉಲ್ಟಾ ಓಡಿಸಿ ನಾವ ಹರದ್ವಿ. ನಮ್ಮ ಸರ ಇಲ್ಲೇ ಅದಾರ, ಕೇಳಾಕತ್ಯಾರ."

ಸೂಪರ್‌ವೈಸರ್ ಕಾರಿನ ಬೀಗದಕೈ ಹುಡುಕುತ್ತ ಹೊರಗೆ ನಡೆದರು. ಕಳಪೆ ಎಂದ ಮಾತನ್ನು ಅವರು ಆಫೀಸಿನಲ್ಲಿ ತಿದ್ದಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾಕಾ ನಕ್ಕರು. ನನಗೆ ನಗು ಬರಲಿಲ್ಲ. ಗ್ರೀಸಿನ ಕೈ ತೊಳೆಯಲು ನಳ ತಿರುಗಿಸಿದಾಗ ಬೊಬ್ಬೆಗಳು ಉರಿದವು.