ಅತ್ತೆಗೆ ಪಾಲಿಲ್ಲದ ಉಗ್ರಾಣ

ಮೊನ್ನೆ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದಾಗ ಒಣಗಿದ ಬೇವಿನ ಸೊಪ್ಪಿನ ಕಹಿ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ತೋಟದ ಅತ್ತೆಯ ಸೀರೆಯಲ್ಲಿ ಸದಾ ಇರುತ್ತಿದ್ದ ವಾಸನೆ. ಸಂಬಂಧದಲ್ಲಿ ಅವರು ನನಗೆ ಅತ್ತೆಯಲ್ಲ. ಮದುವೆಯಾಗಿ ಹಾನುಬಾಳಿನ ಈ ಕಡೆಗೆ ಬಂದ ಹೊಸತರಲ್ಲಿ ನನ್ನನ್ನು ಮೊದಲು ಕರೆದು ಮಾತಾಡಿಸಿದವರು, ಹಾಗಾಗಿ ಅತ್ತೆ.

ಲಾಕ್‌ಡೌನ್ ಮುಗಿದ ಮೇಲೆ ಅವರ ಗಂಡನ ತಲೆಗೆ ಒಂದು ಯೋಚನೆ ಹೊಕ್ಕಿತು. ಅವರನ್ನು ನಾವು ಮಾವ ಎನ್ನುತ್ತಿದ್ದೆವು. ಮುಂದಿನ ಸಲ ಕರೆಂಟು, ಬ್ಯಾಂಕು, ಪೊಲೀಸು ಎಲ್ಲವೂ ಒಟ್ಟಿಗೆ ನಿಂತುಹೋಗುತ್ತವೆ, ಊರಿನವರೇ ಊರಿನವರ ಮನೆ ದೋಚುತ್ತಾರೆ ಎಂಬುದೇ ಆ ಯೋಚನೆ. ಕಾಫಿ ಬೀಜ ಇಡುವ ಸ್ಟೋರಿನ ಹಿಂದೆ ದಪ್ಪ ಗೋಡೆಯ ಕೋಣೆ ಕಟ್ಟಿಸಿ ಕಬ್ಬಿಣದ ಬಾಗಿಲು ಇಡಿಸಿದರು. ಅಕ್ಕಿ, ಉಪ್ಪು, ಬೆಲ್ಲ, ಒಣಮೀನು, ಸೀಮೆಎಣ್ಣೆ... ತಂದು ತುಂಬಿಸಿದ್ದು ಮಾವ. ಮೊರದಲ್ಲಿ ಕೇರಿ, ಬಿಸಿಲಿಗೆ ಹರಡಿ, ಬೇವು ಬೆರೆಸಿ ಕಾಯುತ್ತಿದ್ದದ್ದು ಅತ್ತೆ.

ಒಂದು ಭಾನುವಾರ ನಮ್ಮನ್ನು ಊಟಕ್ಕೆ ಕರೆದಿದ್ದರು. ಕಡುಬು, ಕೋಳಿ ಸಾರು. ಕೂಡಿಟ್ಟಿದ್ದೆಲ್ಲ ಯಾರಿಗೆ ಎಂದು ನನ್ನ ಗಂಡ ಸುಮ್ಮನೆ ಕೇಳಿದರು. ತನಗೆ, ಬೆಳಗೋಡಿನಲ್ಲಿರುವ ಮಗಳಿಗೆ, ಅಳಿಯನಿಗೆ, ಕಾವಲು ನಾಯಿಗೆ ಎಂದರು ಮಾವ.

"ಅತ್ತೆಗೆ?" ಎಂದೆ ನಾನು.

ಮಾವ ನನ್ನ ಗಂಡನ ಕಡೆಗೇ ತಿರುಗಿ ಹೇಳಿದರು: "ಇವಳನ್ನ ಲೆಕ್ಕಕ್ಕೆ ಹಿಡಿದಿಲ್ಲ. ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಅಂಗಡಿ ಮುಚ್ಚಿದ್ರೆ ಎಷ್ಟು ದಿನ ಇರ್ತಾಳೆ? ಬದುಕೋರಿಗೆ ತಾನೇ ಅಕ್ಕಿ ಕೂಡಿಡೋದು, ಮಾರಾಯ."

ಅತ್ತೆ ಅಲ್ಲೇ ಬಡಿಸುತ್ತ ನಿಂತಿದ್ದರು. ನನ್ನ ತಟ್ಟೆಗೆ ಇನ್ನೊಂದು ಕಡುಬು ಹಾಕಿದರು.

ಆಮೇಲೆ ಹಿತ್ತಲಲ್ಲಿ, ಬೇಜಾರಾಗಲ್ಲವಾ ಎಂದು ಕೇಳಿದೆ. "ಬೇಜಾರು ಮಾಡ್ಕಂಡು ಎಲ್ಲಿಗೆ ಹೋಗ್ಲಿ ಕಣವ್ವ? ಮಗಳು ತಿಂತಾಳಲ್ಲ, ಅದಕ್ಕೇ ಹುಳ ಬೀಳ್ದಂಗೆ ನೋಡ್ಕಂತೀನಿ," ಎಂದರು. ಧ್ವನಿ ಸರಿಯಾಗಿಯೇ ಇತ್ತು. ಕೈ ಮಾತ್ರ ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತಿಕ್ಕುತ್ತಿತ್ತು...

ಬೇಸಿಗೆಯಲ್ಲಿ, ಕಾಫಿ ಕೊಯ್ಲು ಮುಗಿದು ಆಳುಗಳು ಊರಿಗೆ ಹೋದ ಮೇಲೆ, ಮಾವ ಆ ಕೆಟ್ಟ ದಿನಗಳಿಗೆಂದು ಅಭ್ಯಾಸ ಶುರು ಮಾಡಿದರು. ಒಂದು ವಾರ ಗೇಟಿಗೆ ಬೀಗ, ಮೇನ್ ಸ್ವಿಚ್ ಆಫ್, ಫೋನು ಬೀರುವಿನಲ್ಲಿ. ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ. ಆನೆಗೆಂದು ತೋಟದ ಸುತ್ತ ಹಾಕಿಸಿದ್ದ ಸೋಲಾರ್ ಬೇಲಿಯಲ್ಲಿ ಹಗಲೂ ಕರೆಂಟು ಬಿಟ್ಟಿದ್ದರು.

ವಾರದ ನಡುವೆ ಒಂದು ಬೆಳಿಗ್ಗೆ ಅತ್ತೆ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ತುಟಿ ಒಣಗಿ ಬಿರಿದಿತ್ತು. "ಇನ್ಸುಲಿನ್ ಮೊನ್ನೆನೇ ಮುಗಿದೋಯ್ತು. ತರಿಸಿ ಅಂದ್ರೆ, ನಿಜವಾಗ್ಲೂ ಹಂಗಾದಾಗ ಯಾರತ್ರ ತರಿಸ್ತೀಯ ಅಂತಾರೆ. ಕುಡಿದಷ್ಟೂ ದಾಹ ಕಣವ್ವ." ಖಾಲಿ ಡಬ್ಬಿಯನ್ನು ಬೇಲಿಯ ಮೇಲಿಂದ ನನ್ನ ಕಡೆ ಎಸೆದರು.

ನನ್ನ ಗಂಡ ಆಗಲೇ ಜೀಪು ತೆಗೆದು ಸಕಲೇಶಪುರಕ್ಕೆ ಹೋಗಿ ಔಷಧಿ ತಂದರು. ಬೇಲಿಯ ಹತ್ತಿರ ಅತ್ತೆ ಕಾಣಲಿಲ್ಲ, ಗೇಟಿನ ಒಳಗೆ ಮಾವ ನಿಂತಿದ್ದರು. ಬೇಡಿಕೊಂಡೆ. "ನಾಡಿದ್ದು ಮುಗೀತೈತೆ. ಆಗ ಕೊಡು," ಎಂದರು. ಕೋಪವೇನೂ ಇರಲಿಲ್ಲ. ನಾನು ಪೊಟ್ಟಣವನ್ನು ಗೇಟಿನ ಮೇಲಿಂದ ಹುಲ್ಲಿಗೆ ಎಸೆದೆ. ಮಾವ ಅದನ್ನೆತ್ತಿ, ಮಣ್ಣು ಒರೆಸಿ, ಕಂಬಿಗಳ ಸಂದಿಯಿಂದ ಒಡೆಯದ ಹಾಗೆ ಹೊರಗಿಟ್ಟು, ಮನೆಯ ಕಡೆ ನಡೆದರು.

ಅಳಿಯನಿಗೆ ಫೋನ್ ಮಾಡಿದೆವು. ಅವನು ಸಂಜೆ ಬಂದು ಬೀಗ ಒಡೆಯುವಷ್ಟರಲ್ಲಿ ಅತ್ತೆಗೆ ಮಾತು ನಿಂತಿತ್ತು. ಜೋರಾಗಿ ಉಸಿರೆಳೆಯುತ್ತಿದ್ದರು. ಬಾಯಿಂದ ಕೊಳೆತ ಹಣ್ಣಿನಂಥ ಘಾಟು. ಸಕಲೇಶಪುರದ ಆಸ್ಪತ್ರೆಯಲ್ಲಿ ಹಾಸನಕ್ಕೆ ಒಯ್ಯಲು ಹೇಳಿದರು. ಆಲೂರಿನ ಹತ್ತಿರ, ನನ್ನ ತೊಡೆಯ ಮೇಲೆ, ಉಸಿರು ನಿಂತಿತು.

ತಿಥಿಯ ದಿನ ಮಾವ ಬಂದವರ ಮುಂದೆ, "ನಾನ್ ಮೊದ್ಲೇ ಹೇಳಿದ್ನಲ್ಲ, ಇವಳು ತಡೆಯಲ್ಲ ಅಂತ," ಎಂದರು. ಮಗಳು ಎಲೆಯ ಮುಂದಿನಿಂದ ಎದ್ದು ಹೋದಳು, ಮತ್ತೆ ಆ ಮನೆಗೆ ಬರಲಿಲ್ಲ. ಯಾರೂ ದೂರು ಕೊಡಲಿಲ್ಲ. ಸಕ್ಕರೆ ಕಾಯಿಲೆಯಿಂದ ಹೋದರು ಎಂದಾಯಿತು.

ಮಾವ ಹೆದರಿದ್ದಂಥದ್ದು ಏನೂ ಆಗಿಲ್ಲ. ಬಸ್ಸು ಬರುತ್ತಿದೆ. ಕರೆಂಟು ಹೋಗುತ್ತದೆ, ಬರುತ್ತದೆ. ಈ ಬೇಸಿಗೆಯಲ್ಲೂ ಅವರು ಗೇಟಿಗೆ ಬೀಗ ಹಾಕಿಕೊಂಡು ಅಭ್ಯಾಸ ಮಾಡಿದರು, ಈ ಸಲ ಒಬ್ಬರೇ. ವಾರ ಮುಗಿದ ಬೆಳಿಗ್ಗೆ ರಸ್ತೆಯಲ್ಲಿ ಸಿಕ್ಕಿ, "ಈ ಸಲ ಏನೂ ತೊಂದ್ರೆ ಆಗ್ಲಿಲ್ಲ ಕಣಮ್ಮ," ಎಂದರು.

ನಾನು ಮುಂದೆ ನಡೆದೆ. ಅತ್ತೆ ಹೋದ ಮೇಲೆ ಮಾವನೊಂದಿಗೆ ಮಾತಾಡಿಲ್ಲ. ಅತ್ತೆಯ ಜೊತೆ ಮಾತಾಡುವುದನ್ನು ಮಾತ್ರ ನಾನಿನ್ನೂ ಬಿಟ್ಟಿಲ್ಲ, ಸಾರಿಗೆ ಉಪ್ಪು ಹಾಕುವಾಗ, ಬಟ್ಟೆ ಹರವುವಾಗ... ಆ ಕಡೆಯಿಂದ ಉತ್ತರ ಬರುವುದಿಲ್ಲ.