ಅವಸರದ ಗಡ್ಡ

ನನ್ನ ದೇಹದಲ್ಲಿ ಚುರುಕಾಗಿ ಕೆಲಸ ಮಾಡುವ ಭಾಗ ಒಂದೇ ಒಂದು, ಅದು ಗಡ್ಡ. ಉಳಿದದ್ದೆಲ್ಲ ಸೋಮಾರಿ. ಬೆಳಗ್ಗೆ ಏಳಲು ಕಾಲು ಒಪ್ಪುವುದಿಲ್ಲ, ಅಂಗಡಿಯಲ್ಲಿ ಗಜಕಡ್ಡಿ ಹಿಡಿಯಲು ಕೈ ಒಪ್ಪುವುದಿಲ್ಲ, ಅಪ್ಪ ಹೇಳಿದ್ದನ್ನು ಕೇಳಲು ಕಿವಿ ಒಪ್ಪುವುದಿಲ್ಲ. ಗಡ್ಡ ಮಾತ್ರ ಯಾರೂ ಹೇಳದೆಯೇ ದುಡಿಯುತ್ತದೆ. ಸೋಮವಾರ ಕ್ಷೌರ ಮಾಡಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಕೆನ್ನೆಯ ಮೇಲೆ ನೆರಳು. ಉಂಡು ಕೈ ತೊಳೆಯುವಷ್ಟರಲ್ಲಿ ಕೂಳೆ. ಗುರುವಾರಕ್ಕೆ ಕುರಿ ಮೇಯಿಸಬಹುದು. ನನ್ನ ಓರಗೆಯವರು ಹದಿನೈದು ದಿನಕ್ಕೊಮ್ಮೆ ಗಲ್ಲ ಸವರಿಕೊಂಡು, ‘ಬಂತೇನೋ’ ಎಂದು ಅನುಮಾನಿಸುತ್ತಾರೆ. ನನಗೆ ಆ ಅನುಮಾನದ ಸುಖ ಸಿಕ್ಕಿದ್ದೇ ಇಲ್ಲ.

ಕೆಲವು ಗಂಡಸರಿಗೆ ಮಾತ್ರ ಹೀಗೇಕೆ? ಚಳ್ಳಕೆರೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳದವರೇ ಇಲ್ಲ. ನಮ್ಮ ಕ್ಷೌರಿಕ ತಿಪ್ಪಣ್ಣನ ಪ್ರಕಾರ ತಪ್ಪು ನನ್ನ ಬಾಯಿಯದು. “ನೀನು ಬಾಯಿ ಮುಚ್ಚಲ್ಲ ಕಣಲೇ. ಗಾಣ ಆಡಿದಂಗೆ ಎಣ್ಣೆ ಇಳಿಯಲ್ವಾ, ಹಂಗೆ ದವಡೆ ಆಡಿದಂಗೆ ಕೂದ್ಲು ಈಚೆಗೆ ಬರ್ತಾವೆ” ಎನ್ನುತ್ತಾನೆ. ಅಜ್ಜಿ ಇದನ್ನು ಒಪ್ಪುವುದಿಲ್ಲ. “ನಿಮ್ಮ ತಾತಂಗೂ ಹಿಂಗೇ ಇತ್ತು. ಧಾರೆಗೆ ಕೂತಾಗ ನುಣ್ಣಗಿದ್ದ, ಸಂಜೀಗೆ ಚುಚ್ತಿದ್ದ” ಎಂದಳು. ಚುಚ್ಚುತ್ತಿದ್ದುದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿ ಬೆನ್ನಿಗೆ ಒಂದು ತಿಂದೆ. ಆಯುರ್ವೇದ ಬಲ್ಲ ಪಂಡಿತರೊಬ್ಬರು, ದೇಹದಲ್ಲಿ ಮೂಳೆ ತಯಾರಾಗುವಾಗ ಉಳಿಯುವ ಕಸವೇ ಕೂದಲಾಗಿ ಹೊರಬರುತ್ತದೆ ಎಂದು ಶಾಸ್ತ್ರ ತೋರಿಸಿದರು. ನನ್ನ ತೋಳನ್ನು ಒಮ್ಮೆ ನೋಡಿ, ಇವನಲ್ಲಿ ಮೂಳೆಗಿಂತ ಕಸವೇ ಹೆಚ್ಚು ಎಂಬ ತೀರ್ಮಾನಕ್ಕೂ ಬಂದರು. ಶಾಲೆಯ ಮೇಷ್ಟರು ಇದು ರಕ್ತದಲ್ಲಿ ತಂದೆಯಿಂದ ಮಗನಿಗೆ ಇಳಿಯುವಂಥದ್ದು ಎಂದರು. ಆದರೆ ನಮ್ಮಪ್ಪನ ಗಲ್ಲದಲ್ಲಿರುವುದು ಹನ್ನೊಂದೇ ಕೂದಲು. ನನ್ನ ಪಾಲಿಗೆ ಬಂದ ಪಿತ್ರಾರ್ಜಿತದಲ್ಲಿ ಇಷ್ಟು ವೃದ್ಧಿಯಾಗಿದ್ದು ಇದೊಂದೇ.

ನನ್ನದೂ ಒಂದು ಸಿದ್ಧಾಂತವಿದೆ. ಊರಿನವರನ್ನೆಲ್ಲ ಅಣಕಿಸುವುದು ನನ್ನ ಚಟ. ಅಪ್ಪ ಗಿರಾಕಿಯ ಮುಂದೆ ನಗುವ ರೀತಿ, ಮೇಷ್ಟರ ನಶ್ಯ, ತಲೆಯ ಮೇಲೆ ಕೈಯಿಟ್ಟು “ಸತ್ಯವಾಗಿ ಹೇಳುತ್ತೇನೆ” ಎಂದು ಸುಳ್ಳು ಹೇಳುವ ಅಮಲ್ದಾರರ ಗತ್ತು, ಎಲ್ಲವೂ ನನ್ನ ಮುಖದ ಮೇಲೆ ದಿನವೂ ಬಂದು ಹೋಗುತ್ತವೆ. ಇಷ್ಟು ಜನರ ಮುಖ ಹೊತ್ತ ಮೇಲೆ ಅಷ್ಟೂ ಜನರ ಗಡ್ಡವನ್ನು ಬೆಳೆಸುವ ಹೊಣೆ ಪಾಪ ಒಂದೇ ಗಲ್ಲದ ಮೇಲೆ ಬಿದ್ದಿರಬೇಕು.

ಈ ಚಟದಿಂದಲೇ ನನಗೆ ಶಾಸ್ತಿಯಾಯಿತು. ತಿಪ್ಪಣ್ಣ ಮೂಗು ಹಿಡಿದು ಮೇಲಕ್ಕೆತ್ತಿ, ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿಕೊಂಡು ಮೀಸೆಯ ಅಂಚು ತೀಡುವುದನ್ನು ಅರಳಿಕಟ್ಟೆಯಲ್ಲಿ ಅಭಿನಯಿಸಿ ತೋರಿಸುತ್ತಿದ್ದೆ. ಜನ ಸಾಕಷ್ಟು ನಕ್ಕರು. ಒಬ್ಬ ಮಾತ್ರ ನಗದೆ ಬೆನ್ನ ಹಿಂದೆ ನಿಂತಿದ್ದ, ಅದು ತಿಪ್ಪಣ್ಣ. “ಅಷ್ಟು ಚೆಂದಾಗಿ ಕಲ್ತಿದ್ದೀಯಲ್ಲ, ನಿನ್ನ ಕ್ಷೌರ ನೀನೇ ಮಾಡ್ಕಳಪ್ಪಾ” ಎಂದು ಕತ್ತಿ-ಕನ್ನಡಿಯ ಹಡಪ ಎತ್ತಿಕೊಂಡು ಹೊರಟುಹೋದ. ಸ್ವಂತ ಕೈಯಿಂದ ಮುಖಕ್ಕೆ ಕತ್ತಿ ಹಚ್ಚಿಕೊಳ್ಳುವ ಗಂಡಸನ್ನು ನಾನಂತೂ ಕಂಡಿಲ್ಲ. ಹತ್ತು ದಿನ ಕಳೆಯಿತು. ಬೇರೆಯವರಿಗಾದರೆ ಅದು ಹತ್ತು ದಿನದ ಗಡ್ಡ. ನನ್ನದು ಕಾಶಿಗೆ ನಡೆದುಹೋಗಿ ಬಂದವನ ಗಡ್ಡ.

ಅದೇ ಹೊತ್ತಿಗೆ ಅಪ್ಪ ನನ್ನನ್ನು ಮೊಳಕಾಲ್ಮೂರಿಗೆ ಅಟ್ಟಿದರು. ನಮ್ಮದು ಬಟ್ಟೆ ಅಂಗಡಿ. ಮೊಳಕಾಲ್ಮೂರಿನಲ್ಲಿರುವ ನನ್ನ ಮಾವ ರೇಷ್ಮೆ ಸೀರೆ ನೇಯುವವರು. ಅವರ ಮಗ್ಗದಿಂದ ಇಳಿದ ಸೀರೆಗಳನ್ನು ತರಬೇಕಿತ್ತು. ನನ್ನಾಕೆಯನ್ನು ಊರಲ್ಲೇ ಬಿಟ್ಟು, ನಡುದಾರಿಯ ತಳಕಿನಲ್ಲಿ ಒಂದು ದಿನ ತಂಗಿ, ಬಂಡಿಯಲ್ಲಿ ಕುಲುಕಾಡುತ್ತ ಮಂಗಳವಾರ ಮಾವನ ಮನೆ ಸೇರಿದೆ. ಮಂಗಳವಾರ ಕ್ಷೌರವಿಲ್ಲ. ಇರಲಿ, ನಾಳೆ ನೋಡೋಣ ಎಂದುಕೊಂಡೆ.

ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಿಂದ ಚೌಕಟ್ಟಿಗೆ ಹೇಳುತ್ತಾಳೆ. ಅಳಿಯನೂ ಚೌಕಟ್ಟಿಗೇ ಉತ್ತರಿಸುತ್ತಾನೆ. ಆ ದಿನ ಬಾಗಿಲ ಸಂದಿಯಿಂದ ನನ್ನ ಮುಖ ಕಂಡದ್ದೇ ಒಳಗೆ ತಂಬಿಗೆ ಕೈಜಾರಿ ಬಿದ್ದ ಸದ್ದಾಯಿತು. ಆಮೇಲೆ ದನಿ ಬಂತು: “ಮಗಳು ಹೆಂಗೈದಾಳೆ ಅಂತ ಕೇಳ್ರಿ. ಊಟ ಸೇರ್ತೈತಂತಾ?”

ಹುಣಸೆ ಚಿಗುರಿನ ಕಾಲ. ಊರಿಗೆ ಊರೇ ಚಿಗುರಿನ ಸಾರು ಉಣ್ಣುತ್ತಿತ್ತು. ನಾನು ನನ್ನಾಕೆಯ ದನಿಯಲ್ಲೇ, “ಚಿಗುರು ಬಿಟ್ರೆ ನನಗೆ ಇನ್ನೇನೂ ಬ್ಯಾಡ ಅಂತಾಳೆ” ಎಂದು ಅಣಕಿಸಿದೆ. ಬಾಗಿಲ ಹಿಂದೆ ಏನೋ ಪಿಸುಮಾತು. ನನ್ನ ಅನ್ನದ ಮೇಲೆ ತುಪ್ಪ ಮೂರು ಸಲ ಬಿತ್ತು. ನನ್ನ ಅಭಿನಯಕ್ಕೆ ಸಿಕ್ಕ ಮೆಚ್ಚುಗೆ ಎಂದುಕೊಂಡು ಮೂರು ಸಲವೂ ಉಂಡೆ.

ಮಾರನೆಯ ಬೆಳಗ್ಗೆ ಆ ಊರಿನ ಕ್ಷೌರಿಕ ಸುಂಕಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಆತ ನೀರು ಹಚ್ಚಿದವನು, ಮುಖ ನೋಡಿ, ಯಾರೆಂದು ಗುರುತು ಹಿಡಿದು, ತೆರೆದ ಕತ್ತಿಯನ್ನು ಮಡಚಿಟ್ಟುಬಿಟ್ಟ.

“ಏಮಯ್ಯಾ ಅಳಿಯಂದ್ರೇ, ನನ್ನ ಕೈಯಾಗೆ ಪಾಪ ಮಾಡಿಸ್ತೀರಾ?”

“ಯಾಕೆ ಸುಂಕಣ್ಣ, ಇವತ್ತು ಬುಧವಾರ ಅಲ್ವಾ?”

“ವಾರದ್ದಲ್ಲ. ಹೆಂಡ್ತಿ ಬಸುರಿದ್ದಾಗ ಹೆರಿಗೆ ಆಗೋಗಂಟ ಗಂಡನ ಗಡ್ಡಕ್ಕೆ ಕತ್ತಿ ಹಚ್ಚಬಾರ್ದು. ನಿಮ್ಮೂರಾಗೆ ಈ ಪದ್ಧತಿ ಇಲ್ವಾ?”

“ಯಾರು ಬಸುರಿ?”

“ಅಯ್ಯೋ, ಅದನ್ನೂ ನಾನೇ ಹೇಳ್ಬೇಕಾ? ನಿಮ್ಮತ್ತೆ ಓಣಿಗೆಲ್ಲ ಬೆಲ್ಲ ಹಂಚಿ ಆತು!”

ನಮ್ಮೂರಲ್ಲೂ ಈ ಪದ್ಧತಿ ಇದೆ. ಆದರೆ ಅದು ನೆನಪಾಗಲು ನನಗೆ ನನ್ನ ಮುಖ ಕಾಣಬೇಕಲ್ಲ; ನಾನು ಸದಾ ಬೇರೆಯವರ ಮುಖ ನೋಡುತ್ತಿರುವವನು. ಅರ್ಧ ಒದ್ದೆಯಾದ ಗಡ್ಡದೊಡನೆ ಮನೆಗೆ ಓಡಿದೆ. ಮಾವ ನಮ್ಮ ಅಂಗಡಿಗೆಂದು ತೆಗೆದಿಟ್ಟಿದ್ದ ಕೆಂಪು ನೂಲನ್ನು ಗೂಡಿಗೆ ತಳ್ಳಿ, ಹಸಿರು ರೇಷ್ಮೆಯ ಲಡಿಯನ್ನು ರಾಟೆಗೆ ಹಾಕಿ ಸುತ್ತುತ್ತಿದ್ದರು. ಏಳನೇ ತಿಂಗಳಲ್ಲಿ ಮಗಳಿಗೆ ಉಡಿಸುವ ಸೀರೆಗೆ ಆ ನೂಲು ಎಂದು ಯಾರೂ ಹೇಳಬೇಕಿರಲಿಲ್ಲ.

“ಮಾವ, ಇದು ಬರೀ ಗಡ್ಡ. ನಮ್ಮೂರ ತಿಪ್ಪಣ್ಣ ಸಿಟ್ಟು ಮಾಡ್ಕಂಡು ಕ್ಷೌರ ಮಾಡ್ಲಿಲ್ಲ. ಬೇರೇನೂ ಇಲ್ಲ” ಎಂದೆ. ಮಾವ ರಾಟೆ ತಿರುಗಿಸುತ್ತಲೇ ನಕ್ಕರು. ನನಗೆ ಗಾಬರಿಯಾಯಿತು. ತಲೆಯ ಮೇಲೆ ಕೈಯಿಟ್ಟು, “ಸತ್ಯವಾಗಿ ಹೇಳುತ್ತೇನೆ” ಎಂದೆ.

ಮಾವ ಹೊಟ್ಟೆ ಹಿಡಿದುಕೊಂಡು, “ಲೇ ಇವ್ಳೇ, ಬಾ ಇಲ್ಲಿ, ಅಮಲ್ದಾರ್ರು ಬಂದವ್ರೆ!” ಎಂದು ಕೂಗಿದರು.

ಬಂದಾಗಲೆಲ್ಲ ನಾನೇ ಈ ಮನೆಯಲ್ಲಿ ಅಮಲ್ದಾರರನ್ನು ಅಣಕಿಸಿ ಶಹಬ್ಬಾಸ್ ಗಿಟ್ಟಿಸಿದ್ದೆ. ಈಗ ನಿಜ ಹೇಳಲು ನನ್ನ ಬಳಿ ಉಳಿದಿದ್ದ ಮುಖ ಅದೊಂದೇ! ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು: “ನಾಚಿಕೋತಾರೆ, ಸುಮ್ಕಿರ್ರಿ. ಮದುವೆ ಆಗಿ ಮೂರು ವರ್ಷ ಆತು. ಇವತ್ತು ನನ್ನ ಮಗಳ ಬಗ್ಗೆ ಓಣಿಯಾಗೆ ತಲೆ ಎತ್ತಿ ಮಾತಾಡಿದೆ.”  ನನ್ನ ಬಾಯಿ, ಗಾಣದಂತೆ ಆಡುವ ನನ್ನ ಬಾಯಿ, ಹುಟ್ಟಿದಂದಿನಿಂದ ಮೊದಲ ಸಲ ಮುಚ್ಚಿಕೊಂಡಿತು. ಹೇಡಿಯಂತೆ ಬಂಡಿ ಹತ್ತಿದೆ. ಸೀರೆಗಳ ಜೊತೆಗೆ ಮಗಳಿಗೆಂದು ಅಂಟಿನುಂಡೆಯ ಗಂಟೊಂದು ಬಂತು.

ಮನೆಯಲ್ಲಿ ನನ್ನಾಕೆ ಗಂಟು ಬಿಚ್ಚಿದಳು. ನಡೆದದ್ದನ್ನೆಲ್ಲ ಹೇಳಿದೆ. ಅಮಲ್ದಾರರ ಭಾಗ ಬಂದಾಗ ಬಿದ್ದು ಬಿದ್ದು ನಕ್ಕಳು. ಓಣಿಗೆ ಬೆಲ್ಲ ಹಂಚಿದ ಭಾಗ ಬಂದಾಗ ನಗು ನಿಂತಿತು. ಮೂರು ವರ್ಷದಿಂದ ನೀರಿನ ಬಾವಿಯ ಹತ್ತಿರ ಹೆಂಗಸರು ಅವಳನ್ನು ಕೇಳುತ್ತಿದ್ದ ಪ್ರಶ್ನೆಗೆ ನನ್ನ ಗಡ್ಡ ಪರವೂರಿನಲ್ಲಿ ಸುಳ್ಳು ಉತ್ತರ ಹೇಳಿ ಬಂದಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: “ಕಾಗದ ಬರೀರಿ. ಯಾರ ದನಿಯಾಗೂ ಬ್ಯಾಡ. ನಿಮ್ಮ ದನಿಯಾಗೆ ಬರೀರಿ.”

ನನ್ನ ದನಿ! ಅದು ಯಾವುದೆಂದು ಹುಡುಕಲು ನಾಲ್ಕು ಕಾಗದ ಹರಿದೆ. ಮೊದಲನೆಯದು ಮೇಷ್ಟರಂತೆ ಕೇಳಿಸಿತು, ಎರಡನೆಯದು ಅಪ್ಪನಂತೆ, ಉಳಿದೆರಡು ಯಾರಂತೆ ಎಂದು ಹೇಳಿದರೆ ಅವರು ಬೇಜಾರು ಮಾಡಿಕೊಂಡಾರು. ಐದನೆಯದರಲ್ಲಿ ಮೂರೇ ಸಾಲು: ಮಗಳು ಬಸುರಿಯಲ್ಲ. ಗಡ್ಡ ನನ್ನ ಬಾಯಿಯ ತಪ್ಪಿನಿಂದ ಬಂದದ್ದು. ಅತ್ತೆ ತಲೆತಗ್ಗಿಸುವಂತೆ ಮಾಡಿದ್ದಕ್ಕೆ ಕ್ಷಮಿಸಬೇಕು.

ಆಮೇಲೆ ತಿಪ್ಪಣ್ಣನ ಮನೆಗೂ ಹೋಗಿ ತಪ್ಪಾಯಿತೆಂದೆ. ಅವನು ಸೇಡಿಗೋ ಪ್ರೀತಿಗೋ, ತಣ್ಣೀರಿನಲ್ಲೇ ಬೋಳಿಸಿದ.

ಹದಿನೈದು ದಿನಕ್ಕೆ ಮಾವನ ಉತ್ತರ ಬಂತು. “ಹಸಿರು ಸೀರೆಗೆ ಮಗ್ಗದ ಮ್ಯಾಲೆ ಹಾಸು ಹೂಡಿ ಆಗೈತೆ. ಬಿಚ್ಚಾದಿಲ್ಲ. ದಿನಕ್ಕೆ ಮೊಳ ನೇಯೋ ಕಡೆ ಬೆರಳಗಲ ನೇಯ್ತೀನಿ. ನನ್ನ ಸೀರೆ ನಿಮ್ಮ ಗಡ್ಡದಂಗೆ ಅಲ್ಲ, ಅದಕ್ಕೆ ಅವಸರ ಇಲ್ಲ. ಕೆಂಪು ಸೀರೆ ಬೇರೆ ಮಗ್ಗದಾಗೆ ಮಾಡಿಸಿ ಕಳಿಸ್ತೀನಿ. ನಿಮ್ಮತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, ಅಳಿಯಂದ್ರು ಅಮಲ್ದಾರ್ರ ದನಿ ಇಲ್ದೇನೂ ಮಾತಾಡ್ತಾರಲ್ಲ ಅಂದ್ಲು.”

ಇದಾಗಿ ವರ್ಷ ದಾಟಿತು. ಆ ಸೀರೆ ಇನ್ನೂ ಮಗ್ಗದ ಮೇಲಿದೆ. ಸೆರಗಿನವರೆಗೆ ಬಂದು ನಿಂತಿದೆಯಂತೆ. ಮೊನ್ನೆ ಒಂದು ಭಾನುವಾರ ಗಲ್ಲ ತುರಿಸಿಕೊಳ್ಳುತ್ತ, ನಾಳೆ ತಿಪ್ಪಣ್ಣನಲ್ಲಿಗೆ ಹೋಗಬೇಕು ಎಂದೆ. ನನ್ನಾಕೆ ಮೊರದಲ್ಲಿ ನವಣೆ ಕೇರುತ್ತಿದ್ದವಳು ತಲೆಯೆತ್ತದೆ, “ಬ್ಯಾಡ್ರಿ” ಎಂದಳು.

“ನಾಳೆ ಅಮಾವಾಸ್ಯೆನಾ?”

“ಅಲ್ಲ.”

“ಮತ್ತೆ ಅವನಿಗೆ ಸಿಟ್ಟು ಬಂದೈತಾ?”

“ಅಲ್ರೀ...” ಎಂದು ಮೊರವನ್ನು ಮುಖಕ್ಕೆ ಅಡ್ಡ ಹಿಡಿದಳು.

ಅಂದಿನಿಂದ ಈ ಗಲ್ಲಕ್ಕೆ ಕತ್ತಿ ತಾಗಿಲ್ಲ. ಸೆರಗು ಶುರು ಮಾಡಿ ಎಂದು ಮೊಳಕಾಲ್ಮೂರಿಗೆ ಒಂದೇ ಸಾಲಿನ ಕಾಗದವೂ ಹೋಗಿದೆ. ದಿನಾ ಬೆಳಗ್ಗೆ ಎದ್ದು ಕನ್ನಡಿ ನೋಡುತ್ತೇನೆ. ನಿನ್ನೆ ಇದ್ದಷ್ಟೇ ಇದೆ. ಮೊನ್ನೆ ಇದ್ದಷ್ಟೇ ಇದೆ. ನನ್ನ ಗಡ್ಡ ಬೇಗ ಬೆಳೆಯುತ್ತದೆ ಎಂದವರು ಯಾರು? ಇಷ್ಟು ಸೋಮಾರಿ ಗಡ್ಡವನ್ನು ನಾನು ಎಲ್ಲೂ ಕಂಡಿಲ್ಲ.