ಗೋಡೆಗೆ ಕೆನ್ನೆ ಹಚ್ಚುತ್ತಿದ್ದ ಮಾಸ್ತರರು

ಶಿವಪುತ್ರಪ್ಪ ಮಾಸ್ತರರ ಎಡಗೆನ್ನೆ ಸದಾ ಬೆಳ್ಳಗಿರುತ್ತಿತ್ತು. ಗೋಡೆ ನುಣುಪಾಗಲೆಂದು ಮೆತ್ತಿದ ಬಿಳಿ ಪುಟ್ಟಿ ಒಣಗಿ, ಅದನ್ನು ಉಪ್ಪುಕಾಗದದಿಂದ ಉಜ್ಜಿ ಮುಗಿಸಿದ ಮೇಲೆ ಅವರು ಗೋಡೆಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿನತ್ತ ನೋಡುತ್ತಿದ್ದರು. ಎದುರು ನಿಂತರೆ ಕಾಣದ ಉಬ್ಬುತಗ್ಗು ಹಾಗೆ ಓರೆಯಾಗಿ ನೋಡಿದಾಗ ಸಣ್ಣ ನೆರಳು ಬಿಟ್ಟು ಸಿಕ್ಕಿಬೀಳುತ್ತದೆ. ನೋಡಿಯಾದ ಮೇಲೆ ಕೆನ್ನೆ ಒರೆಸಿಕೊಳ್ಳುತ್ತಿರಲಿಲ್ಲ. ಚಹಾದಂಗಡಿಗೂ ಹಾಗೇ ಹೋಗುತ್ತಿದ್ದರು. ಎಡಗೆನ್ನೆ ಎಂಬುದು ನನಗೆ ಖಾತ್ರಿಯಿದೆ. ಅವರ ಬಗ್ಗೆ ಖಾತ್ರಿಯಿರುವ ಸಂಗತಿಗಳು ಕಡಿಮೆ. ಹಾಗಾಗಿ ಇದನ್ನೇ ಮೊದಲು ಬರೆಯುತ್ತಿದ್ದೇನೆ.

ಬೆಟಗೇರಿಯಲ್ಲಿ ಬಣ್ಣ ಬಳಿಯುವುದನ್ನು ಕಲಿಸುವ ಒಂದು ತರಬೇತಿ ಕೇಂದ್ರವಿತ್ತು. ಅಲ್ಲಿ ಅವರೊಬ್ಬರೇ ಮಾಸ್ತರರು. ಡಿಗ್ರಿ ಮುಗಿಸಿ ಮುಂಡರಗಿಯ ಮನೆಯಲ್ಲಿ ಸುಮ್ಮನೆ ಕೂತಿದ್ದ ನಾನು, ಒಂದು ಪ್ರಮಾಣಪತ್ರವಾದರೂ ಸಿಗಲಿ ಎಂದು ಸೇರಿದ್ದೆ. ಇದ್ದದ್ದು ಒಂದೇ ಉದ್ದನೆಯ ಕೋಣೆ, ಅದರ ಕೊನೆಗೆ ಒಂದೇ ಕಿಟಕಿ, ಅಭ್ಯಾಸಕ್ಕೆ ಒಂದು ಪಕ್ಕದ ಗೋಡೆ ಮಾತ್ರ. ಒಂದು ತಂಡ ಬಳಿದು ಹೋದ ಗೋಡೆಯನ್ನು ಮುಂದಿನ ತಂಡ ಉಜ್ಜಿ, ಅದರ ಮೇಲೇ ಪುಟ್ಟಿ ಮೆತ್ತಿ ಬಳಿಯಬೇಕು. ಹೀಗೆ ಪದರದ ಮೇಲೆ ಪದರ ಕೂತು ಗೋಡೆ ದಪ್ಪವಾಗಿ, ಸ್ವಿಚ್ ಬೋರ್ಡು ಒಳಗೆ ಹೂತುಹೋಗಿತ್ತು. ದೀಪ ಹಾಕಲು ಬೆರಳು ತೂರಿಸಬೇಕಿತ್ತು.

"ಒಂದಿನ ಈ ಖೋಲಿ ತಾನ ಮುಚ್ಚಿಕೊಂತೈತಿ. ಆವತ್ತ ನಾ ರಿಟೈರ್ ಆಗ್ತೀನಿ," ಎನ್ನುತ್ತಿದ್ದರು ಮಾಸ್ತರರು.

ಅವರು ಕಲಿಸುತ್ತಿದ್ದದ್ದು ಬೈಯುತ್ತಲೇ. ಹೆಚ್ಚು ಬೈಸಿಕೊಂಡವಳು ಹಿರೇವಡ್ಡಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ರತ್ನವ್ವ. ನಮ್ಮ ತಂಡದ ಒಬ್ಬಳೇ ಹೆಣ್ಣುಮಗಳು.

"ಯವ್ವಾ, ರೊಟ್ಟಿ ಬಡಿಯೋ ಕೈ ಮನ್ಯಾಗ ಬಿಟ್ಟ ಬಾ. ಪುಟ್ಟಿ ಬಡಿಯೂದಲ್ಲ, ಎಳಿಯೂದು."

"ರೊಟ್ಟಿ ಬಡಿಯಾಕ ಬರಂಗಿಲ್ಲ ಅಂತ ನಮ್ಮತ್ತಿ ಅಂತಾಳ್ರಿ. ಪುಟ್ಟಿ ಎಳಿಯಾಕ ಬರಂಗಿಲ್ಲ ಅಂತ ನೀವ ಅಂತೀರಿ. ಈ ಕೈ ತಗೊಂಡ ನಾ ಎಲ್ಲಿ ಹೋಗ್ಲಿ?"

"ಎಲ್ಲೂ ಹೋಗಬ್ಯಾಡ. ಉಜ್ಜು."

ನಮ್ಮ ತರಬೇತಿ ಮುಗಿಯುವ ಹೊತ್ತಿಗೆ ಹೊಸ ಆದೇಶ ಬಂತು: ಇನ್ನು ಮುಂದೆ ಕಲಿಯುವವರಿಗಷ್ಟೇ ಅಲ್ಲ, ಕಲಿಸುವವರಿಗೂ ಪ್ರಮಾಣಪತ್ರ ಇರಬೇಕು. ಸೋದರಮಾವನ ನಿಚ್ಚಣಿಕೆ ಹಿಡಿದು ನಿಂತು ಕೆಲಸ ಕಲಿತಿದ್ದ ಮಾಸ್ತರರ ಬಳಿ ಅಂಥದ್ದೇನೂ ಇರಲಿಲ್ಲ. ನಮ್ಮ ಜೊತೆಗೇ ಪರೀಕ್ಷೆಗೆ ನಿಲ್ಲಬೇಕು. ಪಾಸಾಗದಿದ್ದರೆ ಕೇಂದ್ರ ಬಿಡಬೇಕು. ಅವರು ನಕ್ಕರು. ಆದರೆ ಆ ವಾರ ದಿನಾ ಗಡ್ಡ ಹೆರೆದುಕೊಂಡು ಬಂದರು, ಹೊಸ ಬ್ರಷ್ ತಂದು ನೀರಿನಲ್ಲಿ ನೆನೆಹಾಕಿದರು.

"ಇದೊಂದ ಹೋತಂದ್ರ, ಮನ್ಯಾಗ ಕುಂತ ಯಾರಿಗೆ ಬೈಲಿ?" ಎಂದು ರತ್ನವ್ವನನ್ನು ಕೇಳಿದ್ದು ನಾನು ಕೇಳಿಸಿಕೊಂಡೆ.

ಪರೀಕ್ಷಕರು ಸಭ್ಯ ಮನುಷ್ಯ, ಹೊರಗಿನಿಂದ ಬಂದವರು. ಮೊದಲು ಬಾಯಿಮಾತಿನ ಪ್ರಶ್ನೆಗಳು. ಹೊಸ ಮನೆಗೆ ಕೆಲಸಕ್ಕೆ ಹೋದಾಗ ಮೊಟ್ಟಮೊದಲು ಏನು ಮಾಡುತ್ತೀರಿ? ಹೆಲ್ಮೆಟ್, ಮಾಸ್ಕ್, ನಿಚ್ಚಣಿಕೆಯ ಕಾಲು ನೋಡುವುದು ಎಂದು ನಾವೆಲ್ಲ ಒಪ್ಪಿಸಿದೆವು. ಹಾಗೆ ಕಲಿಸಿದವರು ಮಾಸ್ತರರೇ.

"ಚಾ ಕೇಳ್ತೀನ್ರಿ," ಎಂದರು ಅವರು.

"ಸುರಕ್ಷತೆಯ ಬಗ್ಗೆ ಕೇಳಿದೆ."

"ಚಾ ಇಲ್ಲದ ನಿಚ್ಚಣಕಿ ಏರಿದ್ರ ನನಗ ತಲಿ ತಿರಗತೈತ್ರಿ."

ಪರೀಕ್ಷಕರು ನಕ್ಕು ಅಂಕ ಕೊಟ್ಟರು ಎಂದು ನೆನಪು. ಆಮೇಲೆ ಕೈಕೆಲಸ. ಒಬ್ಬೊಬ್ಬರಿಗೆ ಗೋಡೆಯ ಒಂದೊಂದು ಚೌಕ: ಉಜ್ಜಿ, ಬಣ್ಣಕ್ಕೆ ಮುಂಚಿನ ಬಿಳಿ ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ಮಧ್ಯಾಹ್ನ ಎರಡು ಬಣ್ಣ ಬಳಿದು ನಡುವೆ ನೇರವಾದ ಅಂಚು ತೆಗೆಯಬೇಕು. ಊಟದ ಹೊತ್ತಿಗೆ ಮಾಸ್ತರರ ಪ್ರೈಮರ್ ಎಲ್ಲರಿಗಿಂತ ಮೊದಲು ಮುಗಿದಿತ್ತು. ಊಟ ಮುಗಿಸಿ ಬಂದವರು ತಮ್ಮ ಚೌಕಕ್ಕೆ ಹೋಗುವ ದಾರಿಯಲ್ಲಿ ರತ್ನವ್ವನ ಗೋಡೆಗೆ ಕೆನ್ನೆ ಹಚ್ಚಿದರು.

"ಇಲ್ಲಿ ಉಬ್ಬೇತಿ. ಅಲ್ಲಲ್ಲ, ಮ್ಯಾಲೆ. ಉಜ್ಜು."

ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದರು. ಅಲ್ಲಿಂದ ಪಕ್ಕದವನ ಚೌಕ, ಆಮೇಲೆ ನನ್ನದು. "ಮಾಸ್ತರರೇ, ಪರೀಕ್ಷೆಯಲ್ಲಿ ಮಾತಾಡಬಾರದು," ಎಂದರು ಪರೀಕ್ಷಕರು.

"ನಾ ಮಾತಾಡಾಕತ್ತಿಲ್ಲರಿ. ಕಲಿಸಾಕತ್ತೀನಿ."

ಸಮಯ ಮುಗಿದಾಗ ಅಷ್ಟು ಚೌಕಗಳಲ್ಲಿ ಬಿಳಿಯಾಗಿ ಉಳಿದದ್ದು ಒಂದೇ. ನಿಮ್ಮದು ಎಲ್ಲಿ ಎಂದು ಪರೀಕ್ಷಕರು ಕೇಳಿದರೆ ಮಾಸ್ತರರು ತಿರುಗಿ ನೋಡಿ, "ಅಯ್ಯ, ನಂದೂ ಒಂದ ಇತ್ತಲ್ಲ," ಎಂದರು. ನಾವೆಲ್ಲ ಪಾಸಾದೆವು.

ನಾನು ಈ ಕತೆಯನ್ನು ಬಹಳ ವರ್ಷ ತ್ಯಾಗದ ಕತೆಯಾಗಿ ಹೇಳಿಕೊಂಡು ಬಂದೆ. "ತ್ಯಾಗಾನೂ ಇಲ್ಲ, ಏನೂ ಇಲ್ಲ. ಆ ಮನಷ್ಯಾಗ ಖರೇನ ಮರ್ತ ಹೋಗಿತ್ತು," ಎನ್ನುತ್ತಾಳೆ ರತ್ನವ್ವ. ಇನ್ನೊಂದು ಸಾಧ್ಯತೆಯೂ ಇದೆ. ಆ ದಿನಗಳಲ್ಲಿ ಅವರು ಕಪ್ಪು-ಬಸಿ ಎತ್ತಿದರೆ ಚಹಾ ತುಳುಕುತ್ತಿತ್ತು. ನೇರ ಅಂಚು ತೆಗೆಯಲು ಬೇಕಾದ ಕೈ ಅವರಲ್ಲಿ ಉಳಿದಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಮೂರರಲ್ಲಿ ಯಾವುದು ಎಂದು ನನಗೆ ಗೊತ್ತಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಮಲ್ಲಸಮುದ್ರದಲ್ಲಿ, ನೆಂಟರ ಹೊಸ ಮನೆಯಲ್ಲಿ. ಕೆಲಸ ಹಿಡಿದವಳು ರತ್ನವ್ವ. ಮಾಸ್ತರರು ಅವಳ ಕೈಕೆಳಗೆ, ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಪುಟ್ಟಿ ಕಲಸುತ್ತಿದ್ದರು. ಅವಳು ನಿಚ್ಚಣಿಕೆಯಿಂದ ಇಳಿದು, "ನೋಡ್ರಿ ಮಾಸ್ತರ, ಹ್ಯಾಂಗಾಗೇತಿ?" ಎಂದಳು.

"ನನಗೇನ ಕೇಳ್ತಿ? ನಾ ನಪಾಸ ಆದಾಂವ."

ಆದರೂ ಎದ್ದರು. ಗೋಡೆಗೆ ಕೆನ್ನೆ ಹಚ್ಚಿ ನೋಡಿ, ಒಂದು ಕಡೆ ಹೆಬ್ಬೆರಳಿಟ್ಟು ನಿಂತರು. ರತ್ನವ್ವ ಬಂದು ಹೆಬ್ಬೆರಳಿದ್ದ ಜಾಗದಲ್ಲಿ ಉಪ್ಪುಕಾಗದ ಇಟ್ಟಳು. ಅವರು ಬೈಯುವುದನ್ನು ನಾನು ಕಾದೆ. ಬೈಯಲಿಲ್ಲ.

ಕಳೆದ ವರ್ಷ ಲಕ್ಷ್ಮೇಶ್ವರದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಫೋನಿನಲ್ಲಿ ಖಬರು ಹೇಳಿದವಳು ರತ್ನವ್ವನೇ. ಮಾತು ಮುಗಿಯುವಾಗ ನಾನು ಎಡಗೆನ್ನೆಯ ಪುಟ್ಟಿಯ ಸುದ್ದಿ ತೆಗೆದೆ.

"ಎಡಗೆನ್ನಿ ಯಾಕ?" ಎಂದಳು. "ಖಿಡಕಿ ಯಾವ ಕಡೆ ಐತಿ, ಅದರ ಮ್ಯಾಲೆ ಹೋಗತೈತಿ. ಎಷ್ಟ ಮನ್ಯಾಗ ಬಲಗೆನ್ನಿನೂ ಬೆಳ್ಳಗಾಗಿದ್ದು ನಾ ನೋಡೀನಿ."

ನಾನು ಅವರನ್ನು ಕಂಡದ್ದು ಹೆಚ್ಚಾಗಿ ಆ ಒಂದೇ ಕೋಣೆಯಲ್ಲಿ. ಅದಕ್ಕೆ ಇದ್ದದ್ದು ಒಂದೇ ಕಿಟಕಿ.